ವ್ಯಸನ: ಒಂದೇ ಪದ, ಎರಡು ನೋವು

ಕನ್ನಡದಲ್ಲಿ 'ವ್ಯಸನ' ಎಂಬ ಪದಕ್ಕೆ ಎರಡು ಅರ್ಥಗಳಿವೆ. 'ಅವರ ನಿಧನದ ಸುದ್ದಿ ಕೇಳಿ ವ್ಯಸನವಾಯಿತು' ಎಂದರೆ ದುಃಖ. 'ಆತ ಕುಡಿತದ ವ್ಯಸನಕ್ಕೆ ಬಿದ್ದ' ಎಂದರೆ ಚಟ. ಸಂಸ್ಕೃತದಿಂದ ಬಂದ ಈ ಪದವನ್ನು ಕೌಟಿಲ್ಯನ ಅರ್ಥಶಾಸ್ತ್ರ ವಿವರಿಸುವ ಬಗೆ ಕುತೂಹಲಕರವಾಗಿದೆ. ಮನುಷ್ಯನನ್ನು ಆತನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದು ಯಾವುದೋ ಅದೇ ವ್ಯಸನ ಎನ್ನುತ್ತಾನೆ ಕೌಟಿಲ್ಯ. ಆ ಗ್ರಂಥದ ಎಂಟನೇ ಅಧಿಕರಣ ಪೂರ್ತಿ ವ್ಯಸನಗಳ ಕುರಿತದ್ದು. ಜೂಜು, ಮದ್ಯ, ಬೇಟೆಗಳ ಜತೆಯಲ್ಲೇ ಬೆಂಕಿ, ಪ್ರವಾಹ, ರೋಗ, ಕ್ಷಾಮಗಳೂ ಅಲ್ಲಿ ವ್ಯಸನದ ಪಟ್ಟಿಗೆ ಸೇರುತ್ತವೆ. ಚಟ ಎಂಬುದು ಮನುಷ್ಯ ಮಾಡುವ ತಪ್ಪು ಮಾತ್ರವಲ್ಲ, ಮನುಷ್ಯನ ಮೇಲೆ ಎರಗುವ ಆಪತ್ತೂ ಹೌದು ಎಂಬ ಅರಿವು ಆ ಪಟ್ಟಿಯಲ್ಲೇ ಇದೆ.

ಆದರೆ ನಮ್ಮ ದಿನನಿತ್ಯದ ಮಾತು ಬೇರೆಯೇ. ಬೀದಿಯಲ್ಲಿ ಬಿದ್ದವನಿಗೆ 'ಕುಡುಕ' ಎಂಬ ಒಂದು ಹೆಸರು ಸಾಕು. 'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ಗಾದೆ ಹೇಳಿ ಮುಂದೆ ಸಾಗುತ್ತೇವೆ. ಸಕ್ಕರೆ ಕಾಯಿಲೆ ಇದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮನೆಯವರೇ, ಕುಡಿತ ಬಿಡಲಾಗದವರನ್ನು ಕೋಣೆಯಲ್ಲಿ ಕೂಡಿ ಹಾಕುತ್ತಾರೆ, ಆಣೆ ಮಾಡಿಸುತ್ತಾರೆ, ಇಲ್ಲವೇ ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಈ ಮುಚ್ಚಿಡುವಿಕೆಯ ಬೆಲೆ ದೊಡ್ಡದು. ಎಷ್ಟೋ ಸಲ ಅದು ಜೀವವೇ ಆಗಿರುತ್ತದೆ.

ದಾಳದ ಸದ್ದು

ವ್ಯಸನದ ಬಗ್ಗೆ ನಮ್ಮಲ್ಲಿ ದೊರೆಯುವ ಅತಿ ಹಳೆಯ ದಾಖಲೆಗಳಲ್ಲಿ ಒಂದು ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ. 'ಅಕ್ಷಸೂಕ್ತ' ಎಂದೇ ಪ್ರಸಿದ್ಧ. ಅಲ್ಲಿ ಮಾತನಾಡುವವನು ಒಬ್ಬ ಜೂಜುಕೋರ. ಒಳ್ಳೆಯವಳಾಗಿದ್ದ ಹೆಂಡತಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ, ಹೆತ್ತವರು ಮತ್ತು ಒಡಹುಟ್ಟಿದವರು 'ಇವನು ಯಾರೋ ನಮಗೆ ತಿಳಿಯದು' ಎಂದು ಕೈಚೆಲ್ಲಿದ್ದಾರೆ. ಇನ್ನು ಆಡುವುದಿಲ್ಲ ಎಂದು ಆತ ನಿಶ್ಚಯಿಸುತ್ತಾನೆ. ಅಷ್ಟರಲ್ಲಿ ದಾಳ ಉರುಳಿದ ಸದ್ದು ಕೇಳಿಸುತ್ತದೆ. ಕಾಲು ತಾನಾಗಿ ಅತ್ತ ನಡೆಯುತ್ತದೆ.

ಸಾವಿರಾರು ವರ್ಷಗಳ ಹಿಂದಿನ ಈ ಚಿತ್ರಕ್ಕೂ, ಸಂಜೆ ಬ್ರಾಂದಿ ಅಂಗಡಿಯ ದೀಪ ಕಂಡೊಡನೆ ಹೆಜ್ಜೆ ನಿಧಾನವಾಗುವ ಇಂದಿನ ಮನುಷ್ಯನಿಗೂ ಹೆಚ್ಚಿನ ಅಂತರವಿಲ್ಲ. ಮಹಾಭಾರತದಲ್ಲಿ ಧರ್ಮರಾಯನಂಥ ಧರ್ಮರಾಯನೇ ಒಮ್ಮೆ ಸರ್ವಸ್ವವನ್ನೂ ಸೋತು, ಧೃತರಾಷ್ಟ್ರ ಅದೆಲ್ಲವನ್ನೂ ಮರಳಿಸಿದ ಮೇಲೆಯೂ, ಮತ್ತೊಂದು ಕರೆಗೆ ಓಗೊಟ್ಟು ಪಗಡೆಯ ಹಾಸಿನ ಮುಂದೆ ಕುಳಿತದ್ದು ಎಲ್ಲರಿಗೂ ತಿಳಿದ ಕಥೆ. ಬುದ್ಧಿ, ವಿದ್ಯೆ, ಸದ್ಗುಣಗಳು ಇದ್ದ ಮಾತ್ರಕ್ಕೆ ವ್ಯಸನದಿಂದ ರಕ್ಷಣೆ ಸಿಗುತ್ತದೆ ಎಂದು ನಮ್ಮ ಕಾವ್ಯಗಳು ಎಂದೂ ಹೇಳಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡ ಮಾರುವ ಕಾಯಕದಿಂದ ಬಂದ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಜಿ.ಪಿ. ರಾಜರತ್ನಂ ಅವರು 'ರತ್ನನ ಪದಗಳು' ಬರೆದಾಗ ಕುಡುಕನೊಬ್ಬ ಕನ್ನಡ ಕಾವ್ಯದ ನಾಯಕನಾದ. ಆತನ ಬಡತನ, ಆತನ ಹೆಂಡತಿಯ ಮೇಲಿನ ಪ್ರೀತಿ ಎಲ್ಲವೂ ಅಲ್ಲಿ ಬಂದವು. ಕುಡಿಯುವವನ ಒಳಗೂ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ಕನ್ನಡ ಸಾಹಿತ್ಯ ಸಮಾಜಕ್ಕಿಂತ ಮೊದಲೇ ಒಪ್ಪಿಕೊಂಡಿತ್ತು ಎನ್ನಬಹುದು.

ಪಾಪದಿಂದ ಕಾಯಿಲೆಗೆ

ವೈದ್ಯಲೋಕ ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. 1804ರಲ್ಲಿ ಸ್ಕಾಟ್ಲೆಂಡ್ ಮೂಲದ ವೈದ್ಯ ಥಾಮಸ್ ಟ್ರಾಟರ್ ಕುಡಿತದ ಗೀಳನ್ನು ಮನಸ್ಸಿನ ಕಾಯಿಲೆ ಎಂದು ಕರೆದು ಪ್ರಬಂಧ ಪ್ರಕಟಿಸಿದರು. 1849ರಲ್ಲಿ ಸ್ವೀಡನ್ನಿನ ಮಾಗ್ನಸ್ ಹುಸ್ ಇದಕ್ಕೆ 'ಆಲ್ಕೊಹಾಲಿಸಂ' ಎಂಬ ಹೆಸರು ಕೊಟ್ಟರು. ಅಮೆರಿಕದ ವೈದ್ಯಕೀಯ ಸಂಘ ಇದನ್ನು ಕಾಯಿಲೆಯೆಂದು ಅಧಿಕೃತವಾಗಿ ಪರಿಗಣಿಸಿದ್ದು 1956ರಲ್ಲಿ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿತು. ಅಂದರೆ ಕಾನೂನಿನ ಕಣ್ಣಿನಲ್ಲಿ ಈತ ಚಿಕಿತ್ಸೆಯ ಹಕ್ಕುಳ್ಳ ರೋಗಿ.

ಹಾಗಾದರೆ ಕುಡಿಯುವವರೆಲ್ಲ ರೋಗಿಗಳೇ? ಅಲ್ಲ. ವೈದ್ಯರು ನೋಡುವುದು ಕೆಲವು ಗುರುತುಗಳನ್ನು. ಕುಡಿಯಲೇಬೇಕೆಂಬ ತಡೆಯಲಾಗದ ಸೆಳೆತ, ಎಷ್ಟು ಕುಡಿಯಬೇಕು ಎಂಬುದರ ಮೇಲೆ ಹಿಡಿತ ತಪ್ಪುವುದು, ಅದೇ ಅಮಲಿಗೆ ದಿನದಿಂದ ದಿನಕ್ಕೆ ಹೆಚ್ಚು ಬೇಕಾಗುವುದು, ಬಿಟ್ಟರೆ ಕೈ ನಡುಗುವುದು, ಉಳಿದ ಆಸಕ್ತಿಗಳೆಲ್ಲ ಹಿಂದೆ ಸರಿಯುವುದು, ಹಾನಿಯಾಗುತ್ತಿದೆ ಎಂದು ತಿಳಿದೂ ನಿಲ್ಲಿಸಲಾಗದಿರುವುದು. ಈ ಆರರಲ್ಲಿ ಮೂರು ಅಥವಾ ಹೆಚ್ಚು ಗುರುತುಗಳು ಒಂದು ವರ್ಷದ ಅವಧಿಯಲ್ಲಿ ಒಟ್ಟಿಗೆ ಕಂಡರೆ ಅದನ್ನು ಅವಲಂಬನೆ ಎಂದು ಕರೆಯುವುದು ವಾಡಿಕೆ.

ಮಿದುಳಿನಲ್ಲಿ ನಡೆಯುವುದೇನು?

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ಸೂಕ್ಷ್ಮ ತಂತಿ ಜೋಡಿಸಿ ಒಂದು ಪ್ರಯೋಗ ಮಾಡಿದರು. ಸನ್ನೆಕೋಲನ್ನು ಒತ್ತಿದರೆ ಮಿದುಳಿನ ಒಂದು ನಿರ್ದಿಷ್ಟ ಭಾಗಕ್ಕೆ ಅಲ್ಪ ವಿದ್ಯುತ್ ಹರಿಯುತ್ತಿತ್ತು. ಇಲಿಗಳು ಅದನ್ನು ಗಂಟೆಗೆ ನೂರಾರು ಬಾರಿ ಒತ್ತತೊಡಗಿದವು. ಊಟ, ನೀರು, ಸಂತಾನಗಳತ್ತ ಪ್ರಾಣಿಯನ್ನು ಸೆಳೆಯಲು ನಿಸರ್ಗವೇ ಇಟ್ಟಿರುವ ಜಾಲವೊಂದು ಮಿದುಳಿನಲ್ಲಿದೆ ಎಂಬುದು ಹೀಗೆ ಬೆಳಕಿಗೆ ಬಂತು. ಈ ಜಾಲದಲ್ಲಿ ಮುಖ್ಯ ಪಾತ್ರ ವಹಿಸುವ ರಾಸಾಯನಿಕವೇ ಡೋಪಮಿನ್. ಮದ್ಯ, ನಿಕೋಟಿನ್, ಅಫೀಮು, ಕೊಕೇನ್ ಎಲ್ಲವೂ ಬೇರೆ ಬೇರೆ ದಾರಿಯಿಂದ ಬಂದು ಇದೇ ಜಾಲವನ್ನು ತಟ್ಟುತ್ತವೆ.

1990ರ ದಶಕದಲ್ಲಿ ವೊಲ್ಫ್‌ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ನೊಂದು ಸಂಗತಿ ತಿಳಿಯಿತು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮಿನ್ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುನ್ನ ಒಂದು ಸೂಚನೆ ಬರುತ್ತದೆ ಎಂದು ಮಂಗ ಕಲಿತ ಮೇಲೆ, ಆ ಸೂಚನೆ ಕಂಡಾಗಲೇ ಅವು ಚುರುಕಾಗತೊಡಗಿದವು. ವ್ಯಸನಿಯ ಕಷ್ಟ ಇಲ್ಲಿ ಅರ್ಥವಾಗುತ್ತದೆ. ಕುಡಿಯುವ ಮುಂಚೆಯೇ, ಲೋಟದ ಸದ್ದಿಗೆ, ಹಳೆಯ ಗೆಳೆಯನ ದನಿಗೆ, ಸಂಬಳದ ದಿನದ ಸಂಜೆಗೆ ಮಿದುಳು ಎದ್ದು ಕೂರುತ್ತದೆ. ಋಗ್ವೇದದ ಜೂಜುಕೋರನನ್ನು ಎಳೆದ ದಾಳದ ಸದ್ದು ಇದೇ.

ಆದರೆ ಎಲ್ಲವೂ ಮಿದುಳಿನಲ್ಲೇ ಮುಗಿಯುವುದಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಬಳಕೆ ವ್ಯಾಪಕವಾಗಿತ್ತು. 1971ರಲ್ಲಿ ಮನೆಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದಾಗ, ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ ಬಹುಪಾಲು ಜನ ತವರಿನಲ್ಲಿ ಮತ್ತೆ ವ್ಯಸನಕ್ಕೆ ಬಿದ್ದಿರಲಿಲ್ಲ. ಭಯ, ಬೇಸರ, ಸುಲಭವಾಗಿ ಸಿಗುವ ಮಾದಕ ವಸ್ತು ಈ ಮೂರೂ ಹಿಂದೆ ಉಳಿದಿದ್ದವು. ಮನುಷ್ಯನ ಸುತ್ತಲಿನ ಬದುಕು ಬದಲಾದರೆ ಚಟದ ಬಿಗಿಯೂ ಸಡಿಲವಾಗಬಹುದು ಎಂಬುದಕ್ಕೆ ಇದು ದೊಡ್ಡ ಸಾಕ್ಷಿ.

ದುಃಖ ಮೊದಲೋ, ಕುಡಿತ ಮೊದಲೋ?

'ಮನಸ್ಸಿಗೆ ಬೇಜಾರು, ಅದಕ್ಕೇ ಕುಡಿಯುತ್ತೇನೆ' ಎಂಬುದು ನಾವು ಸದಾ ಕೇಳುವ ಮಾತು. ನೆಪ ಎಂದು ತಳ್ಳಿಹಾಕುವುದು ಸುಲಭ. ಖಿನ್ನತೆ, ಆತಂಕ, ಆಘಾತದ ನೆನಪು ಇವುಗಳಿಂದ ನರಳುವವರಲ್ಲಿ ಮದ್ಯದ ಅವಲಂಬನೆ ಹೆಚ್ಚು ಎಂಬುದು ನಿಜ. ನಿದ್ದೆ ಬಾರದವನಿಗೆ ಒಂದು ಪೆಗ್ ನಿದ್ದೆ ತರಿಸುತ್ತದೆ. ಆದರೆ ನಡುರಾತ್ರಿ ಅದೇ ಮದ್ಯ ನಿದ್ದೆಯನ್ನು ಕೆಡಿಸುತ್ತದೆ. ಮರುದಿನ ಆಯಾಸ, ಕಿರಿಕಿರಿ, ಪಶ್ಚಾತ್ತಾಪ. ಸಂಜೆ ಮತ್ತೆ ಅದೇ ಮದ್ದು. ಹೀಗೆ ದುಃಖ ಕುಡಿತವನ್ನೂ, ಕುಡಿತ ದುಃಖವನ್ನೂ ಸಾಕುತ್ತವೆ. ಪದದ ಎರಡು ಅರ್ಥಗಳೂ ಒಂದೇ ದೇಹದಲ್ಲಿ ಸೇರುವುದು ಇಲ್ಲಿ.

ಕುಡಿತದಿಂದಲೇ ಹುಟ್ಟಿದ ಖಿನ್ನತೆ ಅನೇಕರಲ್ಲಿ ಕೆಲವು ವಾರ ಮದ್ಯ ಬಿಟ್ಟರೆ ತಾನಾಗಿ ಇಳಿಯುತ್ತದೆ. ಹಾಗೆ ಇಳಿಯದಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಚಟ ಬಿಡಿಸಿ ಖಿನ್ನತೆಯನ್ನು ಹಾಗೇ ಬಿಟ್ಟರೆ ಚಟ ಮರಳುವ ಸಂಭವ ಹೆಚ್ಚು. ಖಿನ್ನತೆಯ ಮಾತ್ರೆ ಕೊಟ್ಟು ಕುಡಿತವನ್ನು ಕೇಳದೆ ಬಿಟ್ಟರೆ ಮಾತ್ರೆಯ ಫಲ ಅಷ್ಟಕ್ಕಷ್ಟೆ. ಆದ್ದರಿಂದಲೇ ಇಂದು ಎರಡನ್ನೂ ಒಟ್ಟಿಗೆ ನೋಡಬೇಕೆಂಬುದು ವೈದ್ಯರ ಅಭಿಮತ. ಅಮಲಿನಲ್ಲಿ ಆತ್ಮಹತ್ಯೆಯ ಯೋಚನೆ ಕೃತಿಗೆ ಇಳಿಯುವುದು ಸುಲಭ. 'ಕುಡಿದಾಗ ಹಾಗೆ ಹೇಳುತ್ತಾನೆ, ಬಿಡಿ' ಎಂದು ಮನೆಯವರು ಉದಾಸೀನ ಮಾಡಬಾರದ ಮಾತು ಅದು.

ದಿಢೀರನೆ ಬಿಟ್ಟರೆ

ಹಲವರಿಗೆ ತಿಳಿಯದ ಅಪಾಯ ಒಂದಿದೆ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವರು ಮನೆಯಲ್ಲಿ ದಿಢೀರನೆ ನಿಲ್ಲಿಸುವುದು ಪ್ರಾಣಕ್ಕೇ ಕುತ್ತಾಗಬಹುದು. ಮದ್ಯ ಮಿದುಳಿಗೆ ಬ್ರೇಕ್ ಇದ್ದಂತೆ. ಸದಾ ಬ್ರೇಕ್ ಒತ್ತಿದ್ದರೆ, ಗಾಡಿ ಓಡಲೇಬೇಕಾದ ಮಿದುಳು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ. ಒಮ್ಮೆಲೇ ಬ್ರೇಕ್ ತೆಗೆದರೆ ಗಾಡಿ ಹತೋಟಿ ತಪ್ಪುತ್ತದೆ.

ಕೊನೆಯ ಗುಟುಕಿನ ನಂತರ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರು ಗೊಂದಲಕ್ಕೆ ಬೀಳುತ್ತಾರೆ. ಮೈಮೇಲೆ ಹುಳ ಹರಿದಂತೆ, ಗೋಡೆಯ ಮೇಲೆ ಆಕಾರಗಳು ಕಂಡಂತೆ ಕೂಗಾಡುತ್ತಾರೆ. 'ಡೆಲಿರಿಯಂ ಟ್ರೆಮೆನ್ಸ್' ಎನ್ನುವ ಈ ಸ್ಥಿತಿಯನ್ನು ಹಳ್ಳಿಗಳಲ್ಲಿ ಗಾಳಿ ಸೋಕಿತೆಂದು ಭಾವಿಸಿ ಮಂತ್ರವಾದಿಯ ಬಳಿ ಒಯ್ಯುವುದುಂಟು. ಆಸ್ಪತ್ರೆಯಲ್ಲಾದರೆ ಮಿದುಳನ್ನು ಶಾಂತಗೊಳಿಸುವ ಔಷಧಗಳನ್ನು ಕೊಟ್ಟು ಕೆಲವೇ ದಿನಗಳಲ್ಲಿ ಕ್ರಮೇಣ ಕಡಿಮೆ ಮಾಡುತ್ತಾರೆ. ಜತೆಗೆ ಬಿ1 ಜೀವಸತ್ವ ಕೊಡುತ್ತಾರೆ. ಊಟ ಬಿಟ್ಟು ಕುಡಿದವರಲ್ಲಿ ಇದರ ಕೊರತೆ ಸಾಮಾನ್ಯ. ಕೊರತೆ ತೀವ್ರವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹಾಳಾಗಬಹುದು.

ಗುಟ್ಟಾಗಿ ಹಾಕುವ ಮದ್ದು

'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಎಂಬ ಜಾಹೀರಾತುಗಳನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ಎಲ್ಲರೂ ಕಂಡಿದ್ದೇವೆ. ನೊಂದ ಹೆಂಡತಿಗೆ, ತಾಯಿಗೆ ಅದು ದೊಡ್ಡ ಆಸೆ ಹುಟ್ಟಿಸುತ್ತದೆ. ಅಂಥ ಪುಡಿಗಳಲ್ಲಿ ಏನಿರುತ್ತದೆ ಎಂಬುದು ಕೊಂಡವರಿಗೆ ತಿಳಿಯುವುದಿಲ್ಲ. ವೈದ್ಯರೇ ಬಳಸುವ ಡೈಸಲ್ಫಿರಾಂ ಎಂಬ ಮಾತ್ರೆಯ ಉದಾಹರಣೆ ನೋಡೋಣ. 1940ರ ದಶಕದಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಜಂತುಹುಳುವಿನ ಔಷಧವಾಗಿ ಇದನ್ನು ಪರೀಕ್ಷಿಸುತ್ತಿದ್ದಾಗ, ಇದನ್ನು ನುಂಗಿ ಮದ್ಯ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗುತ್ತದೆ ಎಂಬುದು ಗೊತ್ತಾಯಿತು. ಎಲ್ಲವನ್ನೂ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವನಿಗೆ ಈ ಭಯವೇ ಬೇಲಿಯಾಗುತ್ತದೆ. ಸಾರಿನಲ್ಲಿ ಗುಟ್ಟಾಗಿ ಬೆರೆಸಿದರೆ, ಏನೂ ಅರಿಯದೆ ಕುಡಿದವನ ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ಗುಟ್ಟು ಬಯಲಾದರೆ ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ. ಸೆಳೆತವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳಂಥ ಔಷಧಗಳೂ ಈಗ ಇವೆ. ಇವನ್ನೂ ವೈದ್ಯರೇ ನಿರ್ಧರಿಸಬೇಕು.

ಜತೆಗಾರರ ಬಲ

ಔಷಧ ದೇಹವನ್ನು ಸಂಭಾಳಿಸುತ್ತದೆ. ಸಂಜೆ ಆರು ಗಂಟೆಯಿಂದ ಹತ್ತರವರೆಗಿನ ಖಾಲಿ ಹೊತ್ತನ್ನು ತುಂಬಲು ಮನುಷ್ಯರೇ ಬೇಕು. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ವ್ಯಸನಿಗಳು ಭೇಟಿಯಾದರು. ಇನ್ನೊಬ್ಬ ಕುಡುಕನೊಂದಿಗೆ ಮನಬಿಚ್ಚಿ ಮಾತನಾಡಿದರೆ ತಾನೂ ಕುಡಿಯದೆ ಉಳಿಯಬಹುದು ಎಂಬುದು ಅವರ ಅನುಭವಕ್ಕೆ ಬಂತು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಹೆಸರು ಮುಚ್ಚಿಟ್ಟು, ಶುಲ್ಕವಿಲ್ಲದೆ, 'ಇವತ್ತೊಂದು ದಿನ ಕುಡಿಯುವುದಿಲ್ಲ' ಎಂಬಷ್ಟೇ ಸಂಕಲ್ಪದಿಂದ ನಡೆಯುವ ಇದರ ಸಭೆಗಳು ಬೆಂಗಳೂರು ಸೇರಿದಂತೆ ನಮ್ಮ ಹಲವು ಊರುಗಳಲ್ಲಿಯೂ ಇವೆ.

ನೆರೆಯ ಚೆನ್ನೈನಲ್ಲಿ ಶಾಂತಿ ರಂಗನಾಥನ್ ಅವರ ಕಥೆ ಬೇರೆ ಬಗೆಯದು. ಕೇಂದ್ರದಲ್ಲಿ ಹಣಕಾಸು ಸಚಿವರಾಗಿದ್ದ ಟಿ.ಟಿ. ಕೃಷ್ಣಮಾಚಾರಿ ಅವರ ಕುಟುಂಬದ ಸೊಸೆ ಅವರು. ಪತಿ ಎಳೆಯ ವಯಸ್ಸಿನಲ್ಲೇ ಕುಡಿತಕ್ಕೆ ಬಲಿಯಾದ ಮೇಲೆ, 1980ರಲ್ಲಿ ಅವರದೇ ಹೆಸರಿನಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನವನ್ನು ಕಟ್ಟಿ ವ್ಯಸನಿಗಳ ಜತೆಗೆ ಕುಟುಂಬದವರಿಗೂ ಚಿಕಿತ್ಸೆ ಬೇಕೆಂಬ ವಿಚಾರಕ್ಕೆ ಒತ್ತು ಕೊಟ್ಟರು. 1992ರಲ್ಲಿ ಪದ್ಮಶ್ರೀ ಅವರಿಗೆ ಸಂದಿತು. ಸಿರಿವಂತಿಕೆ, ಪ್ರತಿಷ್ಠೆ ಯಾವುದೂ ಈ ಕಾಯಿಲೆಗೆ ಅಡ್ಡಗೋಡೆಯಲ್ಲ ಎಂಬುದನ್ನೂ ಈ ಕಥೆ ಹೇಳುತ್ತದೆ.

ಕರ್ನಾಟಕದಲ್ಲಿ 1847ರ ಹುಚ್ಚಾಸ್ಪತ್ರೆಯ ಬೇರಿನಿಂದ ಬೆಳೆದು 1974ರಲ್ಲಿ ಇಂದಿನ ರೂಪ ಪಡೆದ ನಿಮ್ಹಾನ್ಸ್, 1990ರ ದಶಕದ ಆರಂಭದಿಂದ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗ ನಡೆಸುತ್ತಿದೆ. ಮೊಬೈಲ್, ವಿಡಿಯೊ ಗೇಮ್‌ಗಳ ಗೀಳಿಗೂ 2014ರಲ್ಲಿ ಅಲ್ಲಿ ಚಿಕಿತ್ಸಾಲಯ ಶುರುವಾಯಿತು. ಹಳ್ಳಿಗಳ ಮಟ್ಟಿಗೆ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಊರಿನ ಶಾಲೆ, ಕಲ್ಯಾಣ ಮಂಟಪಗಳಲ್ಲಿ ಸುಮಾರು ಒಂದು ವಾರ ಜತೆಯಾಗಿ ಉಳಿದು, ಯೋಗ, ಭಜನೆ, ಆಪ್ತಸಲಹೆಗಳಲ್ಲಿ ತೊಡಗುವ ಕ್ರಮ ಅಲ್ಲಿನದು. ಶಿಬಿರ ಮುಗಿಸಿದವರು 'ನವಜೀವನ ಸಮಿತಿ'ಗಳ ಮೂಲಕ ಮತ್ತೆ ಸೇರುತ್ತಾರೆ. ಕೂಡಿ ಕುಡಿದವರು ಕೂಡಿಯೇ ಬಿಡಬೇಕೆಂಬ ತತ್ವ ಏಕ್ರನ್‌ನಲ್ಲಿಯೂ ಬೆಳ್ತಂಗಡಿಯಲ್ಲಿಯೂ ಒಂದೇ.

ಮತ್ತೆ ಬಿದ್ದರೆ?

ಬಿಟ್ಟವನು ಮೂರು ತಿಂಗಳ ಮೇಲೆ ಮದುವೆಯ ಮನೆಯಲ್ಲಿ ಒಂದು ಲೋಟ ಕುಡಿದ ಎಂದರೆ, 'ಎಲ್ಲ ನೀರಿನಲ್ಲಿ ಹೋಮ' ಎಂದು ಮನೆಯವರು ಕುಸಿಯುತ್ತಾರೆ. ಅಮೆರಿಕದ ತಜ್ಞರು 2000ದಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆ ಇಲ್ಲಿ ಉಪಯುಕ್ತ. ಚಿಕಿತ್ಸೆಯ ನಂತರ ವ್ಯಸನ ಮರುಕಳಿಸುವ ಪ್ರಮಾಣ ಶೇ 40ರಿಂದ 60. ರಕ್ತದೊತ್ತಡ, ಆಸ್ತಮಾ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣವೂ ಅದಕ್ಕಿಂತ ಕಡಿಮೆಯಿಲ್ಲ. ರಕ್ತದೊತ್ತಡ ಏರಿದರೆ ನಾವು ರೋಗಿಯನ್ನು ಬೈಯುವುದಿಲ್ಲ, ಔಷಧ ಬದಲಿಸಲು ಹೋಗುತ್ತೇವೆ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಎಲ್ಲಿ ಎಡವಿತು? ಯಾವ ಸದ್ದು ಎಳೆಯಿತು? ಮುಂದಿನ ಮದುವೆಗೆ ಯಾರ ಜತೆ ಹೋಗಬೇಕು, ಎಷ್ಟು ಹೊತ್ತಿಗೆ ಮರಳಬೇಕು?

ಮನೆಯವರು ಮಾಡಬಹುದಾದ್ದು ಸಾಕಷ್ಟಿದೆ. ಅಮಲಿನಲ್ಲಿರುವಾಗ ಜಗಳ ಬೇಡ. ಬೆಳಿಗ್ಗೆ ತಿಳಿಯಾಗಿರುವಾಗ ಮಾತನಾಡಬೇಕು. ಕಚೇರಿಗೆ 'ಜ್ವರ ಬಂದಿದೆ' ಎಂದು ಸುಳ್ಳು ಹೇಳುವುದು, ಅವನ ಸಾಲ ತೀರಿಸುವುದು ಪ್ರೀತಿಯಂತೆ ಕಂಡರೂ ಕಾಯಿಲೆಗೆ ನೀರೆರೆದಂತೆ. ಹೊಡೆತ ಬಡಿತ ಇದ್ದಲ್ಲಿ ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲು. ಕಾಯಿಲೆ ಎಂದ ಮಾತ್ರಕ್ಕೆ ಹಿಂಸೆಯನ್ನು ಸಹಿಸಬೇಕಾಗಿಲ್ಲ.

ಅಂಗಡಿ ಮುಚ್ಚಿದರೆ ಸಾಕೇ?

1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ಹಳ್ಳಿ ಹೆಂಗಸರು ಸಾರಾಯಿ ವಿರುದ್ಧ ಎದ್ದು ನಿಂತದ್ದು ಚರಿತ್ರೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿ ಭಾಗದಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕಾಗಿ ಪಾದಯಾತ್ರೆ ನಡೆಸಿದರು. ಮದ್ಯ ಸುಲಭವಾಗಿ ಸಿಗದಿದ್ದರೆ ಕುಡಿತ ಇಳಿಯುತ್ತದೆ ಎಂಬುದು ನಿಜ. ಆದರೆ ಆಗಲೇ ಅವಲಂಬಿತನಾದವನಿಗೆ ಅಂಗಡಿ ಮುಚ್ಚಿದ ದಿನ ಚಿಕಿತ್ಸೆಯ ಬಾಗಿಲು ತೆರೆದಿರಬೇಕು. ಇಲ್ಲವಾದರೆ ಆತ ಕಳ್ಳಬಟ್ಟಿಯ ಬಾಗಿಲು ತಟ್ಟುತ್ತಾನೆ.

ಆ ಬಾಗಿಲು ನಮ್ಮಲ್ಲಿ ಎಷ್ಟು ಕಿರಿದು ಎಂಬುದನ್ನು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ತೋರಿಸಿತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. 5.7 ಕೋಟಿ ಜನರಿಗೆ ಕುಡಿತದ ಸಮಸ್ಯೆಗಾಗಿ ನೆರವು ಬೇಕಾಗಿದೆ. ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವರು ಒಬ್ಬರು ಮಾತ್ರ. ಉಳಿದ 37 ಮಂದಿಯನ್ನು ತಡೆಯುವ ಕಾರಣಗಳಲ್ಲಿ ದೂರ, ದುಡ್ಡುಗಳ ಜತೆ ನಾಚಿಕೆಯ ಪಾಲೂ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416, ವ್ಯಸನಮುಕ್ತಿಗಾಗಿಯೇ ಇರುವ ಸಂಖ್ಯೆ 14446. ಎರಡಕ್ಕೂ ಶುಲ್ಕವಿಲ್ಲ.

'ಚಟ ಚಟ್ಟಕ್ಕೆ ದಾರಿ' ಎಂಬ ಮಾತು ಪ್ರಾಸಕ್ಕೆ ಚೆಂದ, ಎಚ್ಚರಿಕೆಗೂ ಸರಿ. ಆದರೆ ಆ ದಾರಿಯಲ್ಲಿ ಅರ್ಧಕ್ಕೆ ಹೋಗಿ ಹಿಂತಿರುಗಿ ಬಂದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಗದ್ದೆ ಉಳುತ್ತಿದ್ದಾರೆ, ಬಸ್ ಓಡಿಸುತ್ತಿದ್ದಾರೆ, ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಅವರು ಮಾತನಾಡುವುದಿಲ್ಲ, ಏಕೆಂದರೆ ನಾವು ಇನ್ನೂ ಅವರನ್ನು ಹಳೆಯ ಹೆಸರಿನಿಂದಲೇ ಕರೆಯುತ್ತೇವೆ. ಅಕ್ಷಸೂಕ್ತದ ಕೊನೆಯಲ್ಲಿ ಜೂಜುಕೋರನಿಗೆ ಸಿಗುವ ಬುದ್ಧಿಮಾತು ದಾಳ ಬಿಟ್ಟು ಹೊಲ ಉಳು ಎಂಬುದು. ಉಳಲು ಹೊರಟವನಿಗೆ ಹೊಲದ ದಾರಿ ಬಿಟ್ಟುಕೊಡುವ ಕೆಲಸ ಮಾತ್ರ ಊರಿನವರದು.